ಹೊತ್ತಿಸದ ಪೈಪು: ಲಟಾಕಿಯಾ ಮಿಶ್ರಣದ ರಸಮೀಮಾಂಸೆ

ಪೈಪಿನ ತಂಬಾಕಿನ ರುಚಿಯನ್ನು ಕುರಿತು ಇಂಗ್ಲಿಷರು ಬರೆದಷ್ಟು ನಾವು ಮೋಕ್ಷವನ್ನು ಕುರಿತೂ ಬರೆದಿರಲಾರೆವು. ಪೀಟರ್ ಪ್ಯಾನ್‌ನನ್ನು ಸೃಷ್ಟಿಸಿದ ಜೆ. ಎಂ. ಬ್ಯಾರಿ 1890ರಲ್ಲಿ ಇಡೀ ಒಂದು ಪುಸ್ತಕವನ್ನೇ ಈ ವ್ಯಸನಕ್ಕೆ ಮೀಸಲಿಟ್ಟ. ಅದರಲ್ಲಿ ಬರುವ ‘ಅರ್ಕೇಡಿಯಾ’ ಮಿಶ್ರಣದ ಗುಣಗಾನ ಓದಿದರೆ, ಸಮುದ್ರಮಥನದಲ್ಲಿ ಕೊನೆಗೆ ಮೇಲೆದ್ದು ಬಂದದ್ದು ಅದೇ ಇರಬಹುದೆಂಬ ಶಂಕೆ ಹುಟ್ಟುತ್ತದೆ. ಇಷ್ಟೆಲ್ಲ ಬರೆದವರು ಒಂದು ಸಂಗತಿಯನ್ನು ಮಾತ್ರ ವಿಚಾರಣೆಯಿಲ್ಲದೆ ಒಪ್ಪಿಕೊಂಡುಬಿಟ್ಟರು: ತಂಬಾಕಿಗೆ ಬೆಂಕಿ ಹಚ್ಚಬೇಕು ಎಂಬುದನ್ನು. ಶಾಸ್ತ್ರ ಕೆಡುವುದೇ ಹೀಗೆ, ಎಲ್ಲರೂ ಒಪ್ಪಿದ ಜಾಗದಲ್ಲಿ. ಇಂಗ್ಲಿಷ್ ಮಿಕ್ಸ್‌ಚರ್ ಎಂದು ಹೆಸರಾದ, ಲಟಾಕಿಯಾ ಎಲೆ ಬೆರೆತ ತಂಬಾಕಿನ ಗುಣಗಳೆಲ್ಲ ಬೆಂಕಿ ತಾಗುವ ಮೊದಲೇ ಪೂರ್ಣವಾಗಿ ಸಿದ್ಧಿಸಿರುತ್ತವೆ; ಕಡ್ಡಿ ಗೀರಿದ ಮೇಲೆ ಆಗುವುದೆಲ್ಲ ನಷ್ಟವೇ ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ.

ಮೊದಲು ಎಲೆಗಳ ವಂಶಾವಳಿ. ಈ ಮಿಶ್ರಣದಲ್ಲಿ ಸಿಹಿಗೆ ವರ್ಜೀನಿಯಾ, ಪರಿಮಳಕ್ಕೆ ಗ್ರೀಸ್ ಮತ್ತು ತುರ್ಕಿಯ ಕಡೆಯ ಸಣ್ಣೆಲೆಯ ಓರಿಯಂಟಲ್, ಗಾಂಭೀರ್ಯಕ್ಕೆ ಲಟಾಕಿಯಾ ಇರುತ್ತವೆ. ಲಟಾಕಿಯಾ ಎಂಬುದು ಸಿರಿಯಾದ ಬಂದರು. ಅದರ ಬೆನ್ನಿಗಿರುವ ಬೆಟ್ಟಗಳ ರೈತರು ಒಮ್ಮೆ ಬೆಳೆ ಹೆಚ್ಚಾಗಿ, ಮಾರಾಟವಾಗದೆ ಉಳಿದ ಎಲೆಯನ್ನು ಮನೆಯ ಜಂತಿಗೆ ತೂಗುಹಾಕಿದರಂತೆ. ಚಳಿಗಾಲವಿಡೀ ಒಲೆಯ ಹೊಗೆಯಲ್ಲಿ ನೆಂದ ಎಲೆ ಕಪ್ಪಾಗಿ ಘಮಘಮಿಸಿತಂತೆ. ಇದು ಐತಿಹ್ಯ, ಸೋಮಾರಿತನಕ್ಕೆ ಇಷ್ಟು ಗೌರವ ತಂದ ಐತಿಹ್ಯ ಬೇರೊಂದಿಲ್ಲ. ಮುಂದೆ ಸೌದೆಗಾಗಿ ಕಾಡು ಬೋಳಾಗತೊಡಗಿದ್ದೂ ಒಂದು ಕಾರಣವಾಗಿ ಸಿರಿಯಾದ ಕೆಲಸ ಸೊರಗಿತು, ಹೆಚ್ಚಿನ ಭಾಗ ಸೈಪ್ರಸ್‌ಗೆ ಸಾಗಿತು. ಅಲ್ಲಿ ಇಂದಿಗೂ ಬಿಸಿಲಲ್ಲಿ ಒಣಗಿಸಿದ ಎಲೆಯನ್ನು ಕೊಟ್ಟಿಗೆಯಲ್ಲಿ ತೂಗಿ, ಪೈನ್, ಮಿರ್ಟಲ್ ಮುಂತಾದ ಕಂಪಿನ ಕಟ್ಟಿಗೆ ಉರಿಸಿ ವಾರಗಟ್ಟಲೆ ಹೊಗೆ ಕೊಡುತ್ತಾರೆ. ಡಬ್ಬಿ ತೆರೆದರೆ ಮಳೆಗಾಲದ ಮಲೆನಾಡಿನಲ್ಲಿ ಹೊಡತಲಿನ ಮುಂದೆ ಒಣಗಿದ ಕಂಬಳಿಯ ವಾಸನೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಹೊಗೆ ಸೇದುವ ಕೆಲಸವನ್ನು ಎಲೆಯೇ ಮೊದಲು ಮಾಡಿ ಮುಗಿಸಿದೆ, ಅದೂ ಮನುಷ್ಯನಿಗೆ ಸಾಧ್ಯವಾಗದ ತಾಳ್ಮೆಯಿಂದ. ಅಂಥ ಎಲೆಯನ್ನು ಮತ್ತೆ ಸುಡುವುದು, ಔತಣ ಉಂಡು ಬಂದವನನ್ನು ತಿಂದು ಔತಣದ ರುಚಿ ತಿಳಿಯಹೊರಟ ಹುಲಿಯ ತರ್ಕ. ಕೆಲವು ಮಿಶ್ರಣಗಳಿಗೆ ಬೆರೆಸುವ ಪೆರೀಕ್ ಎಲೆಯ ಕಥೆಯೂ ಇದೇ: ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ವಿಸ್ಕಿ ಪೀಪಾಯಿಗಳಿಗೆ ತುಂಬಿ, ತಿರುಪಿನಿಂದ ಅದುಮಿ, ತಿಂಗಳುಗಟ್ಟಲೆ ಹುಳಿಸಿದ ಎಲೆ ಅದು. ಮೂಗಿಗೆ ಮೆಣಸಿನ ಚುರುಕು ತಾಗಿಸಲು ಅದಕ್ಕೆ ಯಾರ ಕಿಡಿಯೂ ಬೇಕಿಲ್ಲ.

ಈ ವಿಷಯದಲ್ಲಿ ನಮ್ಮ ತಾರ್ಕಿಕರು ಲಂಡನ್ನಿನ ತಂಬಾಕು ವ್ಯಾಪಾರಿಗಳಿಗಿಂತ ಬಹಳ ಮುಂದಿದ್ದರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬಹುದು. ಬೆಂಕಿ ಕಂಡಮಾತ್ರಕ್ಕೆ ಹೊಗೆಯನ್ನು ಊಹಿಸುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆ ಸೇರಬೇಕು, ಅದು ಉಪಾಧಿ. ತರ್ಕಸಂಗ್ರಹ ಓದಿದ ವಿದ್ಯಾರ್ಥಿಗೆ ಇದು ಬಾಯಿಪಾಠ, ಆದರೆ ಪ್ರಯೋಗಶಾಲೆ ಎಲ್ಲಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಹುಣಸೂರು ಮತ್ತು ಪಿರಿಯಾಪಟ್ಟಣದಲ್ಲಿದೆ. ಅಲ್ಲಿನ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ವರ್ಜೀನಿಯಾ ಎಲೆ ಹದಗೊಳ್ಳುವುದು ಕೊಳವೆಗಳ ಕಾವಿನಿಂದ. ಹೊಗೆ ಚಿಮಣಿಯ ದಾರಿ ಹಿಡಿದು ಹೊರಗೆ ಹೋಗುತ್ತದೆ, ಎಲೆಯನ್ನು ಸೋಂಕುವುದಿಲ್ಲ. ಅದು ಸಾಕ್ಷಾತ್ ಕಬ್ಬಿಣದ ಗುಂಡು. ಸೈಪ್ರಸ್ಸಿನ ಕೊಟ್ಟಿಗೆ ಬೆಟ್ಟ. ಎರಡನ್ನೂ ಒಂದೇ ಡಬ್ಬಿಗೆ ತುಂಬಿದವನು ನ್ಯಾಯಶಾಸ್ತ್ರದ ಒಂದು ಅಧ್ಯಾಯವನ್ನೇ ಔನ್ಸ್ ಲೆಕ್ಕದಲ್ಲಿ ಮಾರುತ್ತಿದ್ದಾನೆ. (ಹುಣಸೂರಿನ ಎಲೆ ಹೆಚ್ಚಾಗಿ ಹೋಗುವುದು ಸಿಗರೇಟಿಗೆ, ನಿಜ, ಸಿದ್ಧಾಂತಕ್ಕೆ ಅದರಿಂದ ಬಾಧಕವಿಲ್ಲ.) ಇನ್ನು ಸೇದುವವನ ಸ್ಥಿತಿ ನೋಡಿ. ಪೈಪಿನ ತಂಬಾಕನ್ನು ಬೇಕೆಂದೇ ತೇವವಾಗಿಡುತ್ತಾರೆ, ಅಂದರೆ ಉಪಾಧಿಯನ್ನು ಅವನು ದುಡ್ಡು ಕೊಟ್ಟು ಕೊಂಡಿರುತ್ತಾನೆ. ಪೂರ್ತಿ ಒಣಗಿದರೆ ಧಗ್ಗನೆ ಉರಿದು ನಾಲಗೆ ಸುಡುತ್ತದೆ, ತೇವವಿದ್ದರೆ ಆರುತ್ತದೆ. ಆರಿದ್ದನ್ನು ಒತ್ತಿ, ಕೆದಕಿ, ಮತ್ತೆ ಹೊತ್ತಿಸುವುದರಲ್ಲೇ ಸಂಜೆ ಮುಗಿಯುತ್ತದೆ. ಪೈಪು ಹಿಡಿದವನನ್ನು ಕಂಡು ಹೊಗೆಯನ್ನಾಗಲಿ ಬೆಂಕಿಯನ್ನಾಗಲಿ ಊಹಿಸುವಂತಿಲ್ಲ; ಖಚಿತವಾಗಿ ಊಹಿಸಬಹುದಾದದ್ದು ಬೆಂಕಿಪೆಟ್ಟಿಗೆಯನ್ನು ಮಾತ್ರ.

ಪೈಪು ಮಾಡುವವರಿಗೂ ಈ ಸತ್ಯ ಒಳಗೊಳಗೇ ಗೊತ್ತಿತ್ತೆಂಬುದಕ್ಕೆ ಅವರು ಆಯ್ದ ವಸ್ತುಗಳೇ ಸಾಕ್ಷಿ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಯರ್ ಎಂಬ ಮೆಡಿಟರೇನಿಯನ್ ಪೊದೆಯ ಬೇರುಗಂಟನ್ನು ಹಿಡಿದು ಪ್ರಸಿದ್ಧರಾದರು. ಅದರ ದೊಡ್ಡ ಗುಣ, ಸುಲಭವಾಗಿ ಉರಿಯದಿರುವುದು. ಇನ್ನೊಂದು ಕುಲೀನ ವಸ್ತು ತುರ್ಕಿಯ ಎಸ್ಕಿಶೆಹಿರ್‌ನ ಮೀರ್‌ಶಾಮ್. ಅದು ಖನಿಜ, ಉರಿಯುವ ಮಾತೇ ಇಲ್ಲ. ಬೆಂಕಿಯಿಡಲೆಂದು ಮಾಡಿದ ಉಪಕರಣಕ್ಕೆ ಬೆಂಕಿಯನ್ನು ಒಲ್ಲದ ವಸ್ತುವನ್ನೇ ಹುಡುಕಿದವರ ಅಂತರಂಗ ಯಾವ ಪಕ್ಷದಲ್ಲಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 1907ರಲ್ಲಿ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್ ಗಿರಾಕಿಗಳ ಇಷ್ಟದ ಮಿಶ್ರಣಗಳನ್ನು ಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅಲ್ಲಿ ದಾಖಲಾದದ್ದು ಎಲೆಗಳ ಪ್ರಮಾಣ, ಬೆಂಕಿಯ ಪ್ರಮಾಣವಲ್ಲ.

ಪೂರ್ವಪಕ್ಷಿಗಳು ಸುಮ್ಮನಿರುವುದಿಲ್ಲ. ಹೊತ್ತಿಸಿದಾಗಲೇ ಕೋಣೆಯೆಲ್ಲ ಪರಿಮಳ ಹರಡುತ್ತದಲ್ಲ ಎನ್ನುತ್ತಾರೆ. ಹರಡುತ್ತದೆ, ಆದರೆ ಅದು ಸಿಗುವುದು ಪಕ್ಕದವರಿಗೆ, ಲಟಾಕಿಯಾದ ವಿಷಯದಲ್ಲಿ ಪಕ್ಕದವರು ಕಿಟಕಿ ತೆರೆಯುತ್ತಾರೆ. ನಿಕೋಟಿನ್ ಬೇಡವೇ ಎಂಬುದು ಎರಡನೆಯ ಆಕ್ಷೇಪ, ಹೆಚ್ಚು ಪ್ರಾಮಾಣಿಕವಾದದ್ದು. ಹಾಗೆಂದವರು ರಸಚರ್ಚೆಯನ್ನು ಅಲ್ಲಿಗೇ ಬಿಟ್ಟುಕೊಟ್ಟರು. ಅವರಿಗೆ ಬೇಕಾದದ್ದು ರುಚಿಯಲ್ಲ, ಮದ್ದು. ಹೊಗೆಯನ್ನು ಒಳಕ್ಕೆಳೆಯದೆ ಬಾಯಲ್ಲಿ ಹಿಡಿದು ಬಿಟ್ಟರೂ ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲವೆಂದು ವೈದ್ಯರು ಹೇಳುತ್ತಾರೆ, ಅವರಿಗೆ ನ್ಯಾಯಶಾಸ್ತ್ರದ ಹಂಗಿಲ್ಲ. ಮೂರನೆಯವರು ಷರ್ಲಾಕ್ ಹೋಮ್ಸ್‌ನನ್ನು ಎಳೆದು ತರುತ್ತಾರೆ. ಬರಲಿ. ಬ್ಯಾರಿಯ ಪುಸ್ತಕ ಬಂದ 1890ರಲ್ಲೇ ಪ್ರಕಟವಾದ ‘ದಿ ಸೈನ್ ಆಫ್ ಫೋರ್’ನಲ್ಲಿ ಹೋಮ್ಸ್ ತಾನು 140 ಬಗೆಯ ತಂಬಾಕುಗಳ ಬಗ್ಗೆ ಪ್ರಬಂಧ ಬರೆದಿರುವುದಾಗಿ ಹೇಳಿಕೊಳ್ಳುತ್ತಾನೆ. ಪ್ರಬಂಧದ ವಿಷಯ ಬೂದಿ. ಅಷ್ಟು ಸೂಕ್ಷ್ಮಮತಿಗೂ ಹೊತ್ತಿಸಿದ ಮೇಲೆ ಅಧ್ಯಯನಕ್ಕೆ ಬೇರೇನೂ ಉಳಿದಿರಲಿಲ್ಲ.

ಉಳಿದದ್ದು ಅರ್ಥಶಾಸ್ತ್ರದ ಆಕ್ಷೇಪ: ಎಲ್ಲರೂ ಮೂಸಿ ಮುಚ್ಚಿಟ್ಟರೆ ಖಜಾನೆಯ ಗತಿಯೇನು? ಇದಕ್ಕೆ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆಯೇ ದಾರಿ ತೋರಿಸಿದ್ದಾನೆ. 1604ರಲ್ಲಿ ತಂಬಾಕನ್ನು ಬೈದು ಸ್ವತಃ ಪುಸ್ತಿಕೆ ಬರೆದ. ಅದೇ ವರ್ಷ ಅದರ ಸುಂಕವನ್ನು ಪೌಂಡಿಗೆ ಎರಡು ಪೆನ್ಸ್‌ನಿಂದ ಆರು ಶಿಲಿಂಗ್ ಹತ್ತು ಪೆನ್ಸ್‌ಗೆ ಏರಿಸಿದ. ಸುಂಕ ಬೀಳುವುದು ಬಂದರಿನಲ್ಲಿ, ಬಾಯಲ್ಲಲ್ಲ. ಹುಣಸೂರಿನ ರೈತನಿಗೂ ದುಡ್ಡು ಸಿಗುವುದು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ. ಎಲೆಯನ್ನು ಆಮೇಲೆ ಯಾರಾದರೂ ಸುಟ್ಟರೋ ಇಲ್ಲವೋ ಎಂದು ಅವನು ವಿಚಾರಿಸಲು ಬರುವುದಿಲ್ಲ. ಹೊತ್ತಿಸದೆ ಬಿಟ್ಟರೆ ನಷ್ಟ ಶಿವಕಾಶಿಯ ಬೆಂಕಿಪೆಟ್ಟಿಗೆಯವರಿಗೊಬ್ಬರಿಗೇ. ಅವರಿಗೆ ಹೇಗೂ ದೀಪಾವಳಿಯಿದೆ.