ಪ್ರತಿಕೃತಿದೋಷ ಮೀಮಾಂಸೆ

ವಿಂಡೋಸ್ ಸರ್ವರ್ 2012ರೊಡನೆ ಅವತರಿಸಿದ ಹೈಪರ್-ವಿ ರೆಪ್ಲಿಕಾ ಎಂಬ ದರ್ಶನವು ಮೂಲತಃ ದ್ವೈತ. ಇಲ್ಲೊಂದು ಓಡುವ ವರ್ಚುವಲ್ ಮಷೀನು, ದೂರದ ಸರ್ವರಿನಲ್ಲಿ ಅದರ ಮಲಗಿದ ನಕಲು. ಮೂಲದ ಡಿಸ್ಕಿನಲ್ಲಿ ಆದ ಬದಲಾವಣೆಯೆಲ್ಲ ಎಚ್‌ಆರ್‌ಎಲ್ ಎಂಬ ಲಾಗ್ ಫೈಲಿಗಿಳಿದು, ಆದಿಕಾಲದಲ್ಲಿ 5 ನಿಮಿಷಕ್ಕೊಮ್ಮೆ, 2012 ಆರ್2ರ ತರುವಾಯ ಬೇಕೆಂದರೆ 30 ಸೆಕೆಂಡಿಗೊಮ್ಮೆ, ಆಚೆಗೆ ಸಾಗುತ್ತದೆ. ಸಾಗದೆ ನಿಂತಾಗ ಈ ಶಾಸ್ತ್ರಕ್ಕೆ ಅಧಿಕಾರ.

ದೋಷ ಎಲ್ಲಿದೆ? ನೆಟ್‌ವರ್ಕಿನವರ ಮತದಲ್ಲಿ ಸ್ಟೋರೇಜಿನಲ್ಲಿದೆ. ಸ್ಟೋರೇಜಿನವರ ಮತದಲ್ಲಿ ನೆಟ್‌ವರ್ಕಿನಲ್ಲಿದೆ. ರೀಸ್ಟಾರ್ಟ್ ಪಂಥದವರಿಗೆ ಕಾರಣದ ಗೊಡವೆಯೇ ಇಲ್ಲ, ಮೋಕ್ಷವಾದರೆ ಸಾಕು. ಅನೇಕ ಸಲ ಆಗುತ್ತದೆ ಎಂಬುದೇ ವಿದ್ವಾಂಸರಿಗೆ ದೊಡ್ಡ ಅವಮಾನ.

ಪ್ರಮಾಣವಾದರೋ ಬಹಳ ಕ್ಷುಲ್ಲಕವಾದದ್ದು. ರೆಪ್ಲಿಕಾ ಸರ್ವರಿನ ಸೆಟ್ಟಿಂಗ್ಸಿನಲ್ಲಿ ಟಿಕ್ ಹಾಕಿದವನು ಬಾಗಿಲು ತೆರೆಯಿತೆಂದು ನಂಬುತ್ತಾನೆ. ಆದರೆ ಫೈರ್‌ವಾಲಿನ ಲಿಸನರ್ ನಿಯಮವನ್ನು ಬೇರೆಯಾಗಿಯೇ ಎಬ್ಬಿಸಬೇಕು. ಗುರುತು ಹಿಡಿಯುವ ಬಗೆ ಕೆರ್ಬರೋಸ್ ಆದರೆ ಪೋರ್ಟ್ 80, ಸರ್ಟಿಫಿಕೇಟ್ ಆದರೆ 443. ಎರಡು ಸರ್ವರುಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಕೆರ್ಬರೋಸ್ ಗುರುತೇ ಹಿಡಿಯುವುದಿಲ್ಲ. ಮುಹೂರ್ತದ ವಿಷಯದಲ್ಲಿ ಅದು ನಮ್ಮ ಪುರೋಹಿತರಿಗಿಂತ ಕಟ್ಟುನಿಟ್ಟು. ಸರ್ಟಿಫಿಕೇಟಿನ ಅವಧಿ ಮುಗಿಯುವುದಂತೂ ಅದನ್ನು ಹಾಕಿದವನು ಕೆಲಸ ಬಿಟ್ಟುಹೋದ ಮೇಲೆಯೇ.

ಇಲ್ಲಿಂದ ಮುಂದಿನದು ಕರುಣರಸ. ಆಚೆಯ ಸರ್ವರು ಸಿಗದಿದ್ದರೂ ಮೂಲವು ಬರೆಯುವುದನ್ನು ಬಿಡುವುದಿಲ್ಲ. ಲಾಗು ವರ್ಚುವಲ್ ಡಿಸ್ಕಿನ ಪಕ್ಕದಲ್ಲೇ ಕೂತು ಬೆಳೆಯುತ್ತದೆ. ಶುಕ್ರವಾರ ಸಂಜೆ ಯಾರೋ ಫೈರ್‌ವಾಲ್ ‘ಸರಿಪಡಿಸಿ’ ಮನೆಗೆ ಹೋದರೆ, ಭಾನುವಾರದ ಹೊತ್ತಿಗೆ ವಾಲ್ಯೂಮಿನಲ್ಲಿ ತೆರಪಿಲ್ಲದೆ, ಚೆನ್ನಾಗಿ ಓಡುತ್ತಿದ್ದ ಮಷೀನು ‘ಪಾಸ್ಡ್-ಕ್ರಿಟಿಕಲ್’ ಎಂದು ನಿಂತುಬಿಡುತ್ತದೆ. ಕಾಯಲೆಂದು ಇಟ್ಟ ವ್ಯವಸ್ಥೆ ಕಾಯಬೇಕಾದದ್ದನ್ನೇ ಕೆಡವಿತು: ಬೇಲಿಯೇ ಎದ್ದು ಹೊಲ ಮೇಯಿತು. ಮೊದಲು ಜಾಗ ಬಿಡಿಸಬೇಕು, ಆಮೇಲೆ ಕಾರಣ ಹುಡುಕಬೇಕು. ಮೀಟಿಂಗುಗಳಲ್ಲಿ ಈ ಕ್ರಮ ತಿರುಗಾಮುರುಗಾ ಆಗುವುದೇ ಸಂಪ್ರದಾಯ.

ಕೊಂಡಿ ಮತ್ತೆ ಕೂಡಿದರೂ ನಂಬಿಕೆ ಮುರಿದಿದ್ದರೆ ‘ರೀಸಿಂಕ್ರೊನೈಸ್’ ಎಂಬ ಪ್ರಾಯಶ್ಚಿತ್ತ ಉಂಟು. ಎರಡೂ ಕಡೆಯ ಡಿಸ್ಕನ್ನು ಬ್ಲಾಕ್ ಬ್ಲಾಕ್ ಆಗಿ ತಾಳೆ ನೋಡುವ ಈ ವ್ರತ ಡಿಸ್ಕನ್ನೂ ಲೈನನ್ನೂ ಹಿಂಡಿಹಾಕುತ್ತದೆ. ಹಗಲಲ್ಲಿ ಆಚರಿಸಿದವರನ್ನು ಅಕೌಂಟ್ಸ್ ವಿಭಾಗದವರು ಕ್ಷಮಿಸಿದ ನಿದರ್ಶನವಿಲ್ಲ.

ಕೊನೆಯ ಪೂರ್ವಪಕ್ಷ: ನಕಲಿರುವಾಗ ಬ್ಯಾಕಪ್ ಏಕೆ? ಸಿದ್ಧಾಂತ: ನಕಲಿಗೆ ವಿವೇಕವಿಲ್ಲ. ಇಲ್ಲಿ ಅಳಿಸಿದ ಟೇಬಲ್ಲು ಕೆಲವೇ ಕ್ಷಣದಲ್ಲಿ ಅಲ್ಲಿಯೂ ಅಳಿದಿರುತ್ತದೆ, ಹೆಲ್ತ್ ಮಾತ್ರ ‘ನಾರ್ಮಲ್’ ಎಂದು ಹಸಿರು ತೋರಿಸುತ್ತಿರುತ್ತದೆ. ಗಂಟೆಗೊಂದರಂತೆ 24 ಗಂಟೆಗಳ ರಿಕವರಿ ಪಾಯಿಂಟು ಇಟ್ಟುಕೊಂಡವನು ಹಿಂದಕ್ಕೆ ಹೋಗಬಲ್ಲ. ಜಾಗ ಉಳಿಸಲು ‘ಕೊನೆಯದು ಮಾತ್ರ’ ಎಂದು ಒತ್ತಿದವನು, ಹೊಸ ಸರ್ವರು ಕೊಳ್ಳುವಾಗ ಯಾರ ಸಹಿ ಬ್ಯಾಕಪ್ಪಿನ ಬಜೆಟ್ಟನ್ನು ಕತ್ತರಿಸಿತ್ತೆಂದು ಹಳೆಯ ಈಮೇಲುಗಳಲ್ಲಿ ಹುಡುಕತಕ್ಕದ್ದು.