ಎಡಿಸನ್ ಊರಿನ ಸೀರಿಯಲ್ ಸೆಟ್ ಪಂಚಾಯಿತಿ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ ಮಾಡಿಕೊಂಡು ‘ಎಡಿಸನ್ ಬೆಳಗಿಸಿದ ಬಲ್ಬು ನಮಗೆ ಬೇಡ’ ಅನ್ನಬೇಕಾದರೆ ಸ್ವಲ್ಪ ಗುಂಡಿಗೆ ಬೇಕು. ಮಹಾನುಭಾವ 1879ರ ಡಿಸೆಂಬರ್ 31ರ ರಾತ್ರಿ ಜನ ಸೇರಿಸಿ ಬಲ್ಬು ಹೊತ್ತಿಸಿ ತೋರಿಸಿದ್ದು ಇದೇ ಊರಿನ ಮೆನ್ಲೊ ಪಾರ್ಕಿನಲ್ಲಿ. ರಾರಿಟನ್ ಎಂದಿದ್ದ ಊರಿಗೆ 1954ರಲ್ಲಿ ಅವನ ಹೆಸರನ್ನೇ ಇಟ್ಟರು. ಅವನ ನೆನಪಿನ ಗೋಪುರದ ನೆತ್ತಿಯ ಮೇಲೆ ದೈತ್ಯ ಗಾಜಿನ ಬಲ್ಬೊಂದು ಕೂತಿದೆ. ಇಂಥ ಪುಣ್ಯಕ್ಷೇತ್ರದಲ್ಲಿ ನಮ್ಮಂಥ ಮನೆಗಳಲ್ಲಿ ಪ್ರತಿ ದೀಪಾವಳಿಗೆ ಏಳುವ ತಕರಾರು ಒಂದೇ: ಹೊರಗೆ ಹಾಕುವುದು ಎಲ್‌ಇಡಿ ಸರವೋ, ಹಳೇ ಫಿಲಮೆಂಟ್ ಸರವೋ?

ತಕರಾರು ದೊಡ್ಡದಾಗುವುದಕ್ಕೆ ಕಾರಣ, ಇಲ್ಲಿ ನಮ್ಮ ದೀಪದ ಸೀಸನ್ ಉದ್ದ. ದೀಪಾವಳಿಗೆ ಏಣಿ ಹತ್ತಿದವನು ಮರುವಾರವೇ ಸರ ಬಿಚ್ಚಲು ಹತ್ತುತ್ತಾನೆಯೇ? ಹಿಂದೆಮುಂದೆಯೇ ರಾಜ್ಯೋತ್ಸವ, ಆಮೇಲೆ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸ ವರ್ಷ. ಸಂಕ್ರಾಂತಿಯ ಹೊತ್ತಿಗೆ ಅಂಗಳವೆಲ್ಲ ಹಿಮ. ‘ಯುಗಾದಿಗೆ ತೆಗೆದರಾಯ್ತು ಬಿಡ್ರೀ’ ಎಂದು ಹೆಂಡತಿಯೇ ಅಪ್ಪಣೆ ಕೊಡುತ್ತಾಳೆ. ಸರಕ್ಕೂ ಬರವಿಲ್ಲ. ಹ್ಯಾಲೋವೀನ್ ಹೆಸರಿನಲ್ಲಿ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದವು ರಾಶಿ ಬಿದ್ದಿರುತ್ತವೆ. ಪೊಟ್ಟಣದ ಮೇಲಿನ ತಲೆಬುರುಡೆ ಹರಿದು ಬಿಸಾಕಿದರೆ ಲಕ್ಷ್ಮೀಪೂಜೆಗೆ ಸೈ. ರಾಜ್ಯೋತ್ಸವಕ್ಕೆಂದು ಕೆಂಪು, ಹಳದಿ ಜೋಡಿಸಿದಾಗ ಮಾತ್ರ ಪಕ್ಕದ ಮನೆಯ ಮುದುಕರು ಬೇಲಿಯ ಹತ್ತಿರ ಬಂದು, ಮುಖ ಗಂಟಿಕ್ಕಿ, ‘ನೀವು ಕಾನ್ಸಾಸ್ ಸಿಟಿ ಚೀಫ್ಸ್ ಕಡೆಯವರಾ?’ ಅಂದರು. ಆ ಫುಟ್‌ಬಾಲ್ ತಂಡದ್ದೂ ಅದೇ ಬಣ್ಣ. ಅವರೋ ನ್ಯೂಯಾರ್ಕ್ ಜೈಂಟ್ಸ್‌ನ ಪರಮಭಕ್ತರು. ಕನ್ನಡ ಬಾವುಟದ ಕಥೆ ಹೇಳಿ, ಕೈಗೆ ನಾಲ್ಕು ಕೋಡುಬಳೆ ಇಟ್ಟ ಮೇಲೆಯೇ ಗಂಟು ಸಡಿಲಾದದ್ದು.

ಈ ವರ್ಷ ಮೈಸೂರಿನಿಂದ ಅಪ್ಪ, ಅಮ್ಮ ಬಂದಿದ್ದರಿಂದ ಪಂಚಾಯಿತಿಗೆ ಕೋರಂ ಸಿಕ್ಕಿತು. ಅಪ್ಪ ಕೆಇಬಿಯಲ್ಲಿದ್ದು ನಿವೃತ್ತರಾದವರು. ಅದು ಈಗ ಚೆಸ್ಕಾಂ ಆಗಿದ್ದರೂ ಅವರ ಬಾಯಲ್ಲಿ ಕೆಇಬಿಯೇ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇಲ್ಲದೆ ಮದುವೆಮನೆಗೂ ಹೋದವರಲ್ಲ. ಅವರ ಮುಂದೆ ಲೆಕ್ಕ ಒಪ್ಪಿಸಿದೆ: ನೂರು ಪುಟಾಣಿ ಬಲ್ಬಿನ ಹಳೇ ಸರಕ್ಕೆ ಸುಮಾರು 40 ವ್ಯಾಟ್, ಎಲ್‌ಇಡಿ ಸರಕ್ಕೆ ಸುಮಾರು 5. ಹತ್ತು ಸರ, ದಿನಕ್ಕೆ 6 ಗಂಟೆ, 60 ದಿನ ಅಂದರೆ ಹಳೆಯದಕ್ಕೆ 144 ಯೂನಿಟ್, ಎಲ್‌ಇಡಿಗೆ 18. ಯೂನಿಟ್ಟಿಗೆ 20 ಸೆಂಟ್ ಹಿಡಿದರೆ 25 ಡಾಲರ್ ಉಳಿತಾಯ.

‘ನೂರನಲವತ್ನಾಲ್ಕೇನಾ? ನಮ್ಮೂರಲ್ಲಾಗಿದ್ರೆ ಗೃಹಜ್ಯೋತೀಲಿ ಹೊರಟುಹೋಗ್ತಿತ್ತು,’ ಅಂದರು ಅಪ್ಪ.

‘ಇಪ್ಪತ್ತೈದು ಡಾಲರ್‌ಗೆ ಓಕ್ ಟ್ರೀ ರೋಡಲ್ಲಿ ನಾವೈದು ಜನ ದೋಸೆ ತಿನ್ನೋಕೂ ಆಗಲ್ಲ,’ ಅಂದಳು ಹೆಂಡತಿ. ನನ್ನ ಅರ್ಥಶಾಸ್ತ್ರ ಅಲ್ಲಿಗೆ ಮುಗಿಯಿತು.

ಅಪ್ಪನ ವಾದವೇ ಬೇರೆ. ಗ್ಯಾರೇಜಿನಿಂದ ಅರ್ಧ ಆರಿಹೋದ ಹಳೇ ಸರವನ್ನು ತಂದು, ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನೂರರ ಸರದಲ್ಲಿ ಐವತ್ತೈವತ್ತರ ಎರಡು ಸಾಲು. ಇಲ್ಲಿಯ 120 ವೋಲ್ಟನ್ನು ಐವತ್ತು ಬಲ್ಬು ಹಂಚಿಕೊಂಡು ಉರಿಯುತ್ತವೆ. ಒಂದರ ಫಿಲಮೆಂಟ್ ತುಂಡಾದರೂ ಅದರ ಬುಡಕ್ಕೆ ಸುತ್ತಿದ ಸಣ್ಣ ತಂತಿ ಕರೆಂಟನ್ನು ಮುಂದಕ್ಕೆ ದಾಟಿಸುತ್ತದೆ. ಆದರೆ ಸತ್ತ ಬಲ್ಬಿನ ಪಾಲಿನ ವೋಲ್ಟು ಮಿಕ್ಕವರ ತಲೆಗೆ ಬಂದು, ಅವು ಇನ್ನಷ್ಟು ಜೋರಾಗಿ ಉರಿದು ಬೇಗ ಹೋಗುತ್ತವೆ. ಥೇಟ್ ಅವಿಭಕ್ತ ಕುಟುಂಬ. ಬಲ್ಬು ಹೋಲ್ಡರಿನಲ್ಲಿ ಸಡಿಲವಾದರಂತೂ ಆ ಸಾಲಿಗೆ ಸಾಲೇ ಕತ್ತಲು. ಅಪ್ಪ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತುತ್ತ, ತಿರುಗಿಸುತ್ತ ಹೋದರು. ಕಾಫಿ ಆರಿತು, ಧಾರಾವಾಹಿ ಮುಗಿಯಿತು. ಇದ್ದಕ್ಕಿದ್ದಂತೆ ಸತ್ತ ಸಾಲು ಝಗ್ಗನೆ ಹೊತ್ತಿತು. ‘ನೋಡಿದ್ಯೇನೋ? ನಿನ್ನ ಎಲ್‌ಇಡೀನ ಹೀಗೆ ಬಿಚ್ಚೋಕಾಗುತ್ತಾ? ಪೂರ್ತಿ ಅಂಟಿಸಿಬಿಟ್ಟಿರ್ತಾರೆ. ರಿಪೇರಿ ಮಾಡೋಕಾಗದ್ದು ಒಂದು ಸಾಮಾನೇ?’

ಪೊಟ್ಟಣದಲ್ಲಿ ಬರೆದದ್ದನ್ನು ನಾನು ಓದಿ ಹೇಳಿದೆ: ಹಳೇ ಸರಗಳನ್ನು ಮೂರಕ್ಕಿಂತ ಹೆಚ್ಚು ಒಂದಕ್ಕೊಂದು ಸಿಕ್ಕಿಸುವಂತಿಲ್ಲ. ಎಲ್‌ಇಡಿಯಾದರೆ ಎಷ್ಟೋ ಸರ ಜೋಡಿಸಬಹುದು, ಮುಟ್ಟಿದರೆ ಬಿಸಿಯೂ ಇಲ್ಲ. ‘ಬಿಸಿ ಇಲ್ಲದ್ದೇ ತೊಂದರೆ’ ಎಂದರು ಅಪ್ಪ. ಮಾತು ಸುಳ್ಳಲ್ಲ. ಟ್ರಾಫಿಕ್ ಸಿಗ್ನಲ್‌ಗಳಿಗೆ ಎಲ್‌ಇಡಿ ಹಾಕಿದ ಮೇಲೆ ಹಿಮ ಕರಗದೆ ದೀಪವೇ ಮುಚ್ಚಿಹೋದದ್ದು ಈ ದೇಶದ ಹಿಮದ ರಾಜ್ಯಗಳಲ್ಲಿ ನಡೆದಿದೆ.

ಹೆಂಡತಿಯ ಆಕ್ಷೇಪಣೆ ಬಣ್ಣದ್ದು. ಬಿಳಿ ಎಲ್‌ಇಡಿ ಹಾಕಿ ಸ್ವಿಚ್ ಒತ್ತಿದ ಕೂಡಲೇ ‘ರೀ, ಇದು ಮನೆಯೋ ನರ್ಸಿಂಗ್ ಹೋಮೋ?’ ಎಂದಳು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದರೂ ಪ್ರಖರವಾದ ನೀಲಿಗೆ ತೊಂಬತ್ತರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನಾವು ಬಿಳಿ ಅನ್ನುವುದು ಸಾಮಾನ್ಯವಾಗಿ ಆ ನೀಲಿಗೆ ಹಳದಿ ಲೇಪ ಬಳಿದದ್ದು. ಹದ ನೋಡಿ ಕೊಳ್ಳದಿದ್ದರೆ ನರ್ಸಿಂಗ್ ಹೋಮೇ ಗತಿ. ಪೊಟ್ಟಣದ ಮೇಲೆ 2700 ಕೆಲ್ವಿನ್ ಎಂದಿರುವ ಸರ ತಂದು ಹಚ್ಚಿದಾಗ ಅಪ್ಪನೇ ಕನ್ನಡಕ ಸರಿಮಾಡಿಕೊಂಡು, ‘ಹ್ಞಾಂ, ಇದು ನಮ್ಮ ಅರಮನೆ ಬಣ್ಣ’ ಅಂದರು. ಸುಮಾರು ಲಕ್ಷ ಬಲ್ಬಿನ ಮೈಸೂರು ಅರಮನೆಯನ್ನು ಭಾನುವಾರದ ಸಂಜೆ ನೋಡಿದವರಿಗೆ ಬೇರೆ ಬಣ್ಣ ರುಚಿಸುವುದಿಲ್ಲ. ಬೆಂಗಳೂರಿನವಳಾದ ಹೆಂಡತಿ ಬಿಟ್ಟಾಳೆಯೇ? ‘ಮಾವ, ನಮ್ಮೂರಿನ ಬೀದಿಗೆ 1905ರಲ್ಲೇ ಕರೆಂಟು ದೀಪ ಬಂದಿತ್ತು.’ ಅಪ್ಪ ಶಾಂತವಾಗಿ, ‘ಬಂದಿತ್ತಮ್ಮ. ಶಿವನಸಮುದ್ರದಿಂದ ನಾವು ಕಳಿಸಿದ್ದು.’

ಮಗನ ಪಕ್ಷ ಮೂರನೆಯದು: ಫೋನಿನ ಆಪ್‌ನಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಬಣ್ಣ ತೋರಿಸುವ ಸರ. ಪೂಜೆಯ ಹೊತ್ತಿಗೆ ವೈಫೈ ಕೈಕೊಟ್ಟು ಮನೆಯೆಲ್ಲ ನೇರಳೆ ಬಣ್ಣದಲ್ಲೇ ನಿಂತುಬಿಟ್ಟಿತು. ‘ತಾತ, ಒಂದ್ ನಿಮಿಷ, ರೀಸೆಟ್ ಮಾಡ್ತೀನಿ’ ಎಂದು ಅವನು ಓಡಿದರೆ, ‘ದೀಪ ಹಚ್ಚೋಕೂ ಪಾಸ್‌ವರ್ಡ್ ಬೇಕೇನೋ?’ ಎಂದು ಅಮ್ಮ ಹಣತೆಗೆ ಎಣ್ಣೆ ಬಿಟ್ಟರು. ಅಗ್ಗದ ಎಲ್‌ಇಡಿ ಕಂಡರೆ ‘ಇದು ನಡುಗುತ್ತೆ ಕಣೋ, ತಲೆ ನೋಯುತ್ತೆ’ ಅನ್ನುವುದೂ ಅಮ್ಮನೇ. ನಿಜ, ಅಂಥ ಸರ ಸೆಕೆಂಡಿಗೆ 60 ಸಲ ಆರಿ ಹೊತ್ತುತ್ತದೆ. ಪರೀಕ್ಷೆ ಸುಲಭ: ಸರ ಹಿಡಿದು ಬೀಸಿ. ಬೆಳಕು ಗೆರೆಯಾಗದೆ ಚುಕ್ಕಿಚುಕ್ಕಿಯಾದರೆ ವಾಪಸ್ ಕೊಟ್ಟುಬಿಡಿ.

ಪಂಚಾಯಿತಿ ತೀರ್ಪು ಹೀಗಿದೆ. ಹೊರಗೆ ಎಲ್‌ಇಡಿ, ಅರಮನೆ ಬಣ್ಣದ್ದು, ನಡುಗದ್ದು. ದೇವರ ಮನೆಯ ಬಾಗಿಲಿಗೆ ಅಪ್ಪ ಬದುಕಿಸಿದ ಹಳೇ ಸರ. ಹೊಸ್ತಿಲಿಗೆ ಅಮ್ಮನ ಹಣತೆ. ಆಪ್ ಮಗನ ಕೋಣೆಗೆ ಗಡಿಪಾರು. ಕೊಳ್ಳುವವರು ಕ್ರಿಸ್‌ಮಸ್ ಮುಗಿದ ಮಾರನೇ ದಿನ ಅಂಗಡಿಗೆ ಹೋಗಿ. ಬೆಲೆ ಅರ್ಧಕ್ಕಿಳಿದಿರುತ್ತದೆ, ಮುಂದಿನ ದೀಪಾವಳಿಗಾಯಿತು. ಊರಿನಿಂದ ಬರುವವರಲ್ಲಿ ಒಂದು ವಿನಂತಿ: ಬೆಂಗಳೂರಿನ ಎಸ್.ಪಿ. ರೋಡಿನ ಸೀರಿಯಲ್ ಸೆಟ್ ತರಬೇಡಿ. 230 ವೋಲ್ಟಿನ ಬಲ್ಬಿನ ಸರ ಇಲ್ಲಿಯ 120ಕ್ಕೆ ಅರೆಗಣ್ಣಷ್ಟೇ ಬಿಡುತ್ತದೆ. ಪೆಟ್ಟಿಗೆಯಲ್ಲಿ ಅಷ್ಟು ಜಾಗ ಉಳಿದಿದ್ದರೆ ಚಕ್ಕುಲಿ ತನ್ನಿ.