ಬಿ ಸೈಡು ಗಂಭೀರ

ಬೆಳಗಾವಿಯ ಹುಡುಗರು ಕಟ್ಟಿಕೊಂಡಿದ್ದ ಬ್ಯಾಂಡೊಂದರ ಚೊಚ್ಚಲ ಕ್ಯಾಸೆಟ್ಟು ಸದ್ಯ ಖಾನಾಪುರದಲ್ಲಿ, ಹಾಡು ಬರೆದವರ ಮನೆಯ ಅಟ್ಟದ ಮೇಲೆ ವಾಸವಾಗಿದೆ. ಕವಿಗಳು ಸಂತೆಗೆ ಹೋದ ಹೊತ್ತು ನೋಡಿ ಮಾತಾಡಿಸಿದೆವು.

ಆರೋಗ್ಯ ಹೇಗಿದೆ?

ಏನ್ ಹೇಳಲಿರಿ. ಕಣಕುಂಬಿ ಕಡೆ ಮಳಿ ಹಿಡೀತಂದ್ರ ಇಲ್ಲಿ ಅರಿವಿ ಸುದ್ದಾ ಒಣಗೂದಿಲ್ಲ. ನನ್ನ ರೀಲಿನ ಅಂಚಿಗೆಲ್ಲಾ ಬೆಳ್ಳಗ ಬೂಷ್ಟು ಹತ್ತೇತಿ. ಮೂರನೇ ಹಾಡಿನ ಪಲ್ಲವಿ ಮುಳಗಿ ಮುಳಗಿ ಏಳತೈತಿ.

ನೀವು ಹುಟ್ಟಿದಾಗ ಕವಿಗಳಿಗೆ ಖುಷಿಯಾಗಿತ್ತಾ?

ತಲಿ ಮ್ಯಾಲೆ ಹೊತಗೊಂಡು ತಿರಗಿದ. ಖಡೇಬಜಾರದ ಅಂಗಡ್ಯಾಗ ‘ನಿತ್ಯೋತ್ಸವ’ದ ಬಾಜೂಕ ಇಡ್ರಿ ಅಂತ ಜಗಳಾ ತಗದ. 1978ರಾಗ ಬಂದ ಕ್ಯಾಸೆಟ್ಟು, ನಿಸಾರ್ ಅಹಮದರ ಪದ, ಮೈಸೂರು ಅನಂತಸ್ವಾಮಿ ಅವರ ರಾಗ. ಅದರ ಬಾಜೂಕ ನಾನು! ಅಂಗಡಿಯಾಂವ ಇಟ್ಟ ಖರೆ. ಗಣಪತಿ ಹಬ್ಬಕ್ಕ ಮರಾಠಿ ಆರತಿ ಕ್ಯಾಸೆಟ್ಟು ಬಂದ ಕೂಡಲೇ ನನ್ನ ಎತ್ತಿ ಕೆಳಗಿನ ಖಣಕ್ಕ ಹಾಕಿದ.

ಆಮೇಲೆ?

ಬೆಂಗಳೂರಿಗೆ ಹೋದ. ಅಲ್ಲಿ ಯಾರೋ ‘ಪ್ರಾಸ ಸ್ವಲ್ಪ ಜಾಸ್ತಿ ಆಯ್ತಲ್ವಾ’ ಅಂದ್ರಂತ. ತಿರುಗಿ ಬಂದಾಂವ, ಅದೆಲ್ಲಾ ಹುಡುಗಾಟ ಅಂದ. ‘ಮಳಿ, ಇಳಿ, ತಿಳಿ’ ಅಂತ ಬರಿಯೂಮುಂದ ನಾ ಏನ್ ಮಾಡ್ಲಿರಿ, ನಾ ಆಗ ಖಾಲಿ ರೀಲು. ಮಾರದ ಉಳದ ನಮ್ಮ ಅಣ್ಣತಮ್ಮಂದಿರ ತೂತಿಗೆ ಸೆಲೋಟೇಪ್ ಹಚ್ಚಿ, ಮ್ಯಾಲೆ ಮಗನ ಎಲ್‌ಕೆಜಿ ರೈಮ್ಸ್ ತುಂಬಿದ. ರೈಮ್ಸ್ ಮುಗದ ಮ್ಯಾಲೆ ಅರ್ಧ ಚರಣ ನಂದು ಉಳದೇತಿ. ಕೇಳಿದವರು ಅದ ಛೊಲೋ ಐತಿ ಅಂತಾರ.

ಈಗ ಮತ್ತೆ ಪ್ರೀತಿ ಉಕ್ಕಿದೆಯಂತೆ?

2008ರಾಗ ರಘು ದೀಕ್ಷಿತರ ಮೊದಲ ಆಲ್ಬಮ್ ಬಂತಲ್ರಿ, ಶಿಶುನಾಳ ಶರೀಫರ ಪದಕ್ಕ ಗಿಟಾರು ಕೂಡಿಸಿದ್ದು, ಆವಾಗ ಅಟ್ಟಾ ಹತ್ತಿ ಬಂದ. ‘ಇದನ್ನ ನಾವು ಮೊದಲ ಮಾಡಿದ್ವಿ’ ಅಂದ. ಮಾಡಿದ್ದೇನಂದ್ರ, ತಬಲಾದಾಂವ ಕೈಕೊಟ್ಟಿದ್ದಕ್ಕ ಗಿಟಾರಿನ ಹುಡುಗನ್ನ ಕರಕೊಂಡು ಬಂದಿದ್ರು. ಅದಕ್ಕ ಈಗ ಪ್ರಯೋಗ ಅಂತಾನ. ಬೂಷ್ಟು ಹತ್ತಿದ ಸರಸರ ಸಪ್ಪಳಕ್ಕ ಆ ಕಾಲದ ನಾದ ಅಂತಾನ.

ಕಲಾವಿದರು ಬದಲಾಗಬಾರದೇ? ಸುಳೇಭಾವಿಯ ಕುಮಾರ ಗಂಧರ್ವರು ಬದಲಾಗಲಿಲ್ಲವೇ?

ಅಲ್ಲೇ ಐತ್ರಿ ಮಜಾ. 1924ರಾಗ ಹುಟ್ಟಿದವರು, ಸಣ್ಣವರಿದ್ದಾಗ ಗ್ರಾಮಫೋನ್ ತಟ್ಟಿ ಕೇಳಿ ದೊಡ್ಡ ದೊಡ್ಡ ಗವಾಯಿಗಳ ಹಂಗ ಹಾಡತಿದ್ರು. ಮುಂದ ಕ್ಷಯ ಬಂದು ದೇವಾಸದಾಗ ವರ್ಷಗಟ್ಟಲೆ ಹಾಡದ ಮಲಗಿ, ಎದ್ದ ಮ್ಯಾಲೆ ಯಾರ ಹಂಗೂ ಹಾಡಲಿಲ್ಲ. ನಮ್ಮವಂದು ಉಲ್ಟಾ. ಮೊದಲ ಯಾರ ಹಂಗೂ ಬರೀತಿರಲಿಲ್ಲ, ಯಾಕಂದ್ರ ಬರ್ತಿರಲಿಲ್ಲ. ಕಲತ ಮ್ಯಾಲೆ ಎಲ್ಲಾರ ಹಂಗ ಬರೀತಾನ.

ಬ್ಯಾಂಡಿನ ಉಳಿದವರು?

ಒಬ್ಬ ಗೋವಾದಾಗ, ಒಬ್ಬ ಲೋಂಡಾದಾಗ. ಕೂಡಿದಾಗೊಮ್ಮೆ ನನ್ನ ಹಾಡೆಲ್ಲಾ ತಪ್ಪಿಲ್ಲದ ಹಾಡತಾರ. ಬರದಾಂವಗ ಅಷ್ಟ ಎರಡನೇ ಚರಣ ಮರತೇತಿ.

ನಿಮ್ಮನ್ನು ಯೂಟ್ಯೂಬಿಗೆ ಏರಿಸುತ್ತಾರಂತೆ?

ಹೌದ್ರಿ. ‘ಎ ಸೈಡು ಜನಪ್ರಿಯ, ಬಿ ಸೈಡು ಗಂಭೀರ, ನನಗ ಬಿ ಸೈಡ ಹೆಚ್ಚು ಇಷ್ಟ’ ಅಂತ ಬಂದವರಿಗೆಲ್ಲಾ ಹೇಳಾಕತ್ಯಾನ.

ಬಿ ಸೈಡಿನಲ್ಲಿ ಏನಿದೆ?

ನಾ 60 ನಿಮಿಷದ ಕ್ಯಾಸೆಟ್ಟು. ಸ್ಟುಡಿಯೋಕ್ಕ ಕೊಡಾಕ ರೊಕ್ಕ ಇದ್ದದ್ದು ಅರ್ಧ ತಾಸಿಂದು. ಎ ಸೈಡಿನ ಹಾಡನ್ನ ತಿರುಗಿ ತುಂಬ್ಯಾರ.